ಮರಳು ಹೊಲಕ್ಕೆ ಕಲ್ಲಿದ್ದಲ ಹಾರುಬೂದಿ: ಯಾರಾದ್ರೂ ಹಾಕಿ ನೋಡಿದ್ದೀರಾ?

ಮರಳುಹೊಲ

ಎಲ್ಲರಿಗೂ ನಮಸ್ಕಾರ. ನನ್ನದು ಅಪ್ಪಟ ಮರಳು ನೆಲ. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿದರೂ ಉಂಡೆ ಕಟ್ಟುವುದಿಲ್ಲ. ಬೆರಳು ಬಿಡಿಸಿದರೆ ಉದುರಿ ಹೋಗುತ್ತದೆ. ಇವತ್ತು ನೀರು ಕೊಟ್ಟರೆ ನಾಡಿದ್ದು ಮಧ್ಯಾಹ್ನಕ್ಕೆ ಗಿಡ ತಲೆ ಬಗ್ಗಿಸಿ ನಿಂತಿರುತ್ತದೆ. ಯೂರಿಯಾ ಹಾಕಿದ ಮಾರನೇ ದಿನ ಜೋರು ಮಳೆ ಬಂತೋ, ಹಾಕಿದ್ದೆಲ್ಲ ಬೇರು ದಾಟಿ ಕೆಳಗೆ.

ಈಗ ಒಬ್ಬರು ಹೇಳಿದರು: ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಹಾರುಬೂದಿ ತಂದು ಹಾಕು, ನೆಲ ನೀರು ಹಿಡಿಯುತ್ತೆ, ಗೊಬ್ಬರದ ಖರ್ಚೂ ಉಳಿಯುತ್ತೆ ಅಂತ. ಎಕರೆಗೆ ಎರಡು ಲೋಡ್ ಸಾಕಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಅವರಿಗೆ ಬೇಡವಾದದ್ದನ್ನು ನಾನು ಖುಷಿಯಿಂದ ಹೊತ್ತು ತರುವ ಮುಂಚೆ ನಿಮ್ಮನ್ನು ಒಂದು ಮಾತು ಕೇಳೋಣ ಅನ್ನಿಸಿತು. ಒಳ್ಳೆಯದಾಗಿದ್ದರೂ ಹೇಳಿ, ಕೈ ಸುಟ್ಟುಕೊಂಡಿದ್ದರೂ ಹೇಳಿ.

ಹಳೇ ನೇಗಿಲು

ಒಲೆ ಬೂದಿ ಹಾಕಿದ ಗಿಡ ಚೆನ್ನಾಗಿ ಬರುತ್ತೆ. ಇದೂ ಬೂದಿ ತಾನೇ? ಇಷ್ಟು ಯೋಚನೆ ಯಾಕೆ, ಹಾಕಿ.

ಜರಡಿ

ಹಳೇ ನೇಗಿಲು ಅವರೇ, ಎಡವೋದು ಅಲ್ಲೇ. ಹೆಸರು ಒಂದೇ, ವಸ್ತು ಬೇರೆ. ಸೌದೆ ಬೂದಿಯಲ್ಲಿ ಪೊಟ್ಯಾಷ್ ನೀರಿಗೆ ಬಿದ್ದ ಕೂಡಲೇ ಕರಗುವ ರೂಪದಲ್ಲಿರುತ್ತದೆ. ಅದಕ್ಕೇ ಗಿಡ ಬೇಗ ಮೇಲೇಳುತ್ತದೆ. ಕಲ್ಲಿದ್ದಲ ಹಾರುಬೂದಿ ಬಹುಪಾಲು ಗಾಜು. ಉತ್ಪ್ರೇಕ್ಷೆ ಅಲ್ಲ. ಕಲ್ಲಿದ್ದಲನ್ನು ಹಿಟ್ಟು ಮಾಡಿ ಕುಲುಮೆಗೆ ಊದುತ್ತಾರೆ. ಅದರೊಳಗಿನ ಮಣ್ಣು, ಕಲ್ಲಿನ ಅಂಶ ಆ ಕಾವಿಗೆ ಕರಗಿ, ಹೊಗೆಯ ಜೊತೆ ಹಾರುತ್ತಾ ತಣಿದು, ಸಣ್ಣ ಸಣ್ಣ ಗುಂಡುಗಳಾಗುತ್ತದೆ. ಕೆಲವು ಗುಂಡುಗಳು ಒಳಗೆ ಟೊಳ್ಳು, ನೀರ ಮೇಲೆ ತೇಲುತ್ತವೆ. ಚಿಮಣಿಗೆ ಹೋಗುವ ಮುಂಚೆ ವಿದ್ಯುತ್ ಹಾಯಿಸಿದ ಲೋಹದ ಫಲಕಗಳಲ್ಲಿ ಅಥವಾ ಬಟ್ಟೆ ಚೀಲಗಳಲ್ಲಿ ಹಿಡಿಯುವ ಪುಡಿ ಇದೇ. ಸಿಲಿಕಾ, ಅಲ್ಯೂಮಿನಾ, ಕಬ್ಬಿಣದ ಆಕ್ಸೈಡ್, ಸುಣ್ಣ ಇವೇ ಅದರ ಮೈ. ಪೊಟ್ಯಾಷ್ ಇರುತ್ತೆ, ಆದರೆ ಹೆಚ್ಚಿನದು ಗಾಜಿನೊಳಗೆ ಸೆರೆ. ಸಾರಜನಕ ಕುಲುಮೆಯಲ್ಲೇ ಸುಟ್ಟು ಹೋಗಿರುತ್ತದೆ. ಹಾಗಾಗಿ ಗೊಬ್ಬರದ ಖರ್ಚು ಉಳಿಯುತ್ತೆ ಅನ್ನುವ ಮಾತನ್ನು ಮೊದಲೇ ಪಕ್ಕಕ್ಕಿಡಿ.

ಮರಳು ನೆಲಕ್ಕೆ ಇದರಿಂದ ಲಾಭ ಇದ್ದರೆ ಅದು ಕಣದ ಗಾತ್ರದಿಂದ. ಮರಳಿನ ಕಣ 0.05ರಿಂದ 2 ಮಿಲಿಮೀಟರ್. ಹಾರುಬೂದಿಯ ಹೆಚ್ಚಿನ ಕಣಗಳು 0.05ಕ್ಕಿಂತ ಸಣ್ಣವು, ಹೂಳಿನ ನುಣುಪು. ಮರಳಿನ ನಡುವಿನ ಸಂದು ದೊಡ್ಡದು, ನೀರು ಅಲ್ಲಿ ನಿಲ್ಲದೆ ತನ್ನ ಭಾರಕ್ಕೇ ಇಳಿದುಬಿಡುತ್ತದೆ. ಆ ಸಂದಿನಲ್ಲಿ ನುಣ್ಣನೆ ಪುಡಿ ಕೂತರೆ ದೊಡ್ಡ ಸಂದು ಹತ್ತಾರು ಸಣ್ಣ ಸಂದಾಗುತ್ತದೆ. ಸಣ್ಣ ಸಂದು ನೀರನ್ನು ಹಿಡಿದಿಡುತ್ತದೆ. ಬೂದಿ ಸ್ಪಂಜಿನ ಹಾಗೆ ನೀರು ಕುಡಿಯುತ್ತೆ ಅಂತ ಕೆಲವರು ಹೇಳ್ತಾರೆ. ಕುಡಿಯೋದಲ್ಲ, ದಾರಿ ಇಕ್ಕಟ್ಟು ಮಾಡೋದು.

ಮರಳುಹೊಲ

ಜರಡಿ ಸರ್, ಅಂದರೆ ಕೆಲಸ ಮಾಡುತ್ತೆ ಅಂತಾಯ್ತು. ಹಾಗಾದರೆ ಎರಡು ಲೋಡ್ ಸಾಕಾ?

ಜರಡಿ

ಸರ್ ಅಲ್ಲ, ಮೇಡಂ :) ಲೋಡ್ ಲೆಕ್ಕ ನನಗೆ ಬರಲ್ಲ. ಲೆಕ್ಕದ ಪುಸ್ತಕ ಅವರನ್ನು ಕೇಳಿ.

ಲೆಕ್ಕದ ಪುಸ್ತಕ

ಕರೆದಿದ್ದಕ್ಕೆ ಬಂದೆ. ಒಂದು ಎಕರೆ 4047 ಚದರ ಮೀಟರ್. ಮೇಲಿನ 15 ಸೆಂಟಿಮೀಟರ್ ಮಣ್ಣು ಮಾತ್ರ ತೆಗೆದುಕೊಳ್ಳೋಣ, ಅದು 607 ಘನ ಮೀಟರ್. ಮರಳು ಮಣ್ಣು ಘನ ಮೀಟರಿಗೆ ಒಂದೂವರೆ ಟನ್ ಅಂದರೆ ಒಟ್ಟು 910 ಟನ್. ನೀರು ಹಿಡಿಯುವುದರಲ್ಲಿ ವ್ಯತ್ಯಾಸ ನೋಡಬೇಕಾದರೆ ತೂಕದಲ್ಲಿ ನೂರಕ್ಕೆ ಐದೋ ಹತ್ತೋ ಭಾಗ ಬೂದಿ ಬೇಕು, ಪ್ರಯೋಗಗಳನ್ನು ಸಾಮಾನ್ಯವಾಗಿ ಅಷ್ಟರಲ್ಲೇ ಮಾಡೋದು. ನೂರಕ್ಕೆ ಹತ್ತು ಅಂದರೆ 91 ಟನ್. ಹತ್ತು ಟನ್ನಿನ ಲಾರಿ ಅಂದುಕೊಂಡರೆ ಒಂಬತ್ತು ಲಾರಿ, ಒಂದು ಎಕರೆಗೆ. ಹೊಲದ ಮೇಲೆ ಹರಡಿದರೆ ಹೆಚ್ಚುಕಮ್ಮಿ ಎರಡು ಕಾಲು ಸೆಂಟಿಮೀಟರ್ ದಪ್ಪ.

ಎರಡು ಲೋಡ್ ಅಂದರೆ 20 ಟನ್, ನೂರಕ್ಕೆ ಎರಡು ಭಾಗ. ನೀರಿನ ವಿಷಯದಲ್ಲಿ ಅದು ಕಣ್ಣಿಗೆ ಕಾಣುವುದು ಕಷ್ಟ. ನಿಮಗೆ ಹೇಳಿದವರು ಲಾರಿ ಖಾಲಿ ಮಾಡೋ ಲೆಕ್ಕ ಹೇಳಿರಬೇಕು, ಮಣ್ಣಿನ ಲೆಕ್ಕ ಅಲ್ಲ.

ತೇವ

ನಾನು ಇದನ್ನೇ ಬೇರೆ ಕಡೆಯಿಂದ ಹೇಳ್ತೀನಿ. ಇಷ್ಟೆಲ್ಲ ಹೊತ್ತು ಹಾಕಿದ ಮೇಲೆ ಸಿಗೋದೆಷ್ಟು? ಒರಟು ಮರಳಿನಲ್ಲಿ ಗಿಡಕ್ಕೆ ಸಿಗುವ ನೀರು ಗಾತ್ರದಲ್ಲಿ ನೂರಕ್ಕೆ ಐದರ ಆಸುಪಾಸು. 15 ಸೆಂಟಿಮೀಟರಿನಲ್ಲಿ ಏಳೂವರೆ ಮಿಲಿಮೀಟರ್ ನೀರು ಅಷ್ಟೆ. ಬೂದಿ ಸೇರಿಸಿ ಆ ನೂರಕ್ಕೆ ಐದನ್ನು ಎಂಟಕ್ಕೆ ಏರಿಸಿದಿರಿ ಅಂತಲೇ ಇಟ್ಟುಕೊಳ್ಳೋಣ, 12 ಮಿಲಿಮೀಟರ್ ಆಯಿತು. ಹೆಚ್ಚಿದ್ದು ನಾಲ್ಕೂವರೆ. ಬಿಸಿಲ ದಿನದಲ್ಲಿ ಬೆಳೆದ ಪೈರು ದಿನಕ್ಕೆ ಐದು ಮಿಲಿಮೀಟರ್ ಎಳೆಯುತ್ತದೆ. ಒಂದು ದಿನ. ಒಂಬತ್ತು ಲಾರಿಗೆ ಒಂದು ದಿನ.

ಆ ಒಂದು ದಿನ ಸಣ್ಣದು ಅಂತ ನಾನು ಹೇಳ್ತಿಲ್ಲ. ಮೊಳಕೆ ಏಳುವ ಹೊತ್ತಿನಲ್ಲಿ, ಬೇರು ಇನ್ನೂ ಮೇಲೇ ಇರುವಾಗ, ಅದೇ ಬದುಕು. ಆದರೆ ಎರಡಡಿ ಆಳಕ್ಕೆ ಬೇರು ಬಿಡುವ ಬೆಳೆಗೆ ಮೇಲಿನ ಅರ್ಧ ಅಡಿ ಸುಧಾರಿಸಿದ್ದು ದೊಡ್ಡ ವಿಷಯ ಅಲ್ಲ.

ಜರಡಿ

ತೇವ ಅವರ ಲೆಕ್ಕ ನೀರಿಗೆ ಸರಿ. ಗೊಬ್ಬರ ಸೋರುವುದು ಕಡಿಮೆಯಾಗುವ ಲಾಭವನ್ನು ಅದಕ್ಕೆ ಸೇರಿಸಬೇಕು. ಆಸ್ಟ್ರೇಲಿಯಾದ ಪರ್ತ್ ಕಡೆ ನೆಲವೆಲ್ಲ ಮರಳು. ಅಲ್ಲಿನವರು ಮಾಡಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಗಿದೆ. ಮೇಲಿನ 10 ಸೆಂಟಿಮೀಟರ್ ಮರಳಿಗೆ ನೂರಕ್ಕೆ 5, 10, 20 ಭಾಗ ಹಾರುಬೂದಿ ಬೆರೆಸಿ, 70 ದಿನ ನೋಡಿದರು. ನೆಟ್ಟಿದ್ದು ಗರಿಕೆ ಜಾತಿಯ ಹುಲ್ಲು. ದಿನಾ ನೀರು ಕೊಟ್ಟಾಗ ತಳದಿಂದ ಸೋರಿದ ನೀರು ಬರೀ ಮರಳಿಗಿಂತ ನೂರಕ್ಕೆ 17ರಿಂದ 52ರಷ್ಟು ಕಡಿಮೆ. ಬೂದಿ ಬೆರೆಸಿದ ಪದರದಲ್ಲಿ ಬೇರು 1.2ರಿಂದ 1.5 ಪಟ್ಟು. ಹುಲ್ಲು ನೆಡದೆ ಖಾಲಿ ಬಿಟ್ಟ ಕಡೆ, ಬೂದಿ ಬೆರೆಸಿದ ನೆಲದಿಂದ ಸಾರಜನಕ, ರಂಜಕ ಎರಡೂ ಕಡಿಮೆ ಸೋರಿದವು. ಬೂದಿಯ ಅಲ್ಯೂಮಿನಿಯಮ್, ಕಬ್ಬಿಣದ ಅಂಶಗಳಿಗೆ ರಂಜಕ ಅಂಟಿಕೊಳ್ಳುತ್ತದೆ. ಮರಳಿನಲ್ಲಿ ಹಾಗೆ ಅಂಟಲು ಏನೂ ಇರುವುದಿಲ್ಲ.

ಅದೇ ಪ್ರಯೋಗದ ಇನ್ನೆರಡು ಮಾತು. ಗೊಬ್ಬರವನ್ನು ಕಾಲು ಭಾಗ ಇಳಿಸಿದಾಗ ಬೂದಿ ಇದ್ದರೂ ಇಲ್ಲದಿದ್ದರೂ ಹುಲ್ಲಿನ ಬೆಳವಣಿಗೆ ಇಳಿಯಿತು. ಮತ್ತೆ, ಬೂದಿ ಹಾಕಿದ ಕಡೆ ಎಲೆಯಲ್ಲಿ ಸೆಲೆನಿಯಮ್ (ಹೆಚ್ಚಾದರೆ ತಿಂದವರಿಗೆ ವಿಷವಾಗುವ ಧಾತು) ಏರಿತ್ತು. ಜಾಸ್ತಿ ಏನಲ್ಲ, ಆದರೆ ಏರಿತ್ತು. ಹುಲ್ಲುಹಾಸನ್ನು ಯಾರೂ ಊಟಕ್ಕೆ ಕೊಯ್ಯುವುದಿಲ್ಲ ಅನ್ನುವುದು ನೆನಪಿರಲಿ.

ನೇರಮಾತು

ನೀವೆಲ್ಲ ಸುಮ್ನೆ ಹೆದರಿಸ್ತೀರಾ. ಬೂದಿಯಲ್ಲಿ ಗಿಡಕ್ಕೆ ಬೇಕಾದ ಎಲ್ಲ ಪೋಷಕಾಂಶ ಇದೆ. ನಾನು ಪರೀಕ್ಷಾ ವರದಿ ನೋಡಿದ್ದೀನಿ. ಸುಣ್ಣ, ಗಂಧಕ, ಸತು, ತಾಮ್ರ, ಬೋರಾನ್, ಮಾಲಿಬ್ಡಿನಮ್ ಎಲ್ಲಾ. ಅಂಗಡಿಯಲ್ಲಿ ಇದನ್ನೇ ಪ್ಯಾಕೆಟ್ ಮಾಡಿ ಮಾರೋದಲ್ವಾ?

ಬದುವಿನಾಚೆ

ನೇರಮಾತು ಅವರೇ, ಆ ಪಟ್ಟಿಯಲ್ಲಿ ಬೋರಾನ್ ಹೆಸರು ಹೇಳಿದ್ರಲ್ಲ, ಅದರಿಂದಲೇ ನಾನು ಒಂದು ಬೆಳೆ ಕಳೆದುಕೊಂಡಿದ್ದು.

ನಾಲ್ಕು ವರ್ಷದ ಹಿಂದೆ. ಸ್ಥಾವರದಿಂದ ನೇರವಾಗಿ ಬಂದ ಒಣ ಬೂದಿ. ಸ್ಥಾವರದವರು ಬೂದಿ ತುಂಬಿಡುವ ಹೊಂಡದಲ್ಲಿ ಮಳೆ ತಿಂದ ಹಳೆಯದಲ್ಲ, ಹೊಸದು. ಕಾಲು ಎಕರೆಗೆ ಎರಡು ಲಾರಿ ಹಾಕಿದೆ, ರೋಟವೇಟರ್ ಹೊಡೆಸಿದೆ, ವಾರ ಬಿಟ್ಟು ಬೀನ್ಸ್ ಬಿತ್ತಿದೆ. ಮೊಳಕೆ ಎಷ್ಟು ಚೆಂದ ಬಂತು ಅಂದರೆ ಪಕ್ಕದ ಹೊಲದವರು ಬಂದು ನೋಡಿ ಹೋದರು. ತೇವ ನಿಂತಿತ್ತು, ನಿಜ. ಮೂರನೇ ವಾರದಲ್ಲಿ ಕೆಳಗಿನ ಹಳೆ ಎಲೆಗಳ ತುದಿ ಹಳದಿಯಾಯಿತು. ಆಮೇಲೆ ಅಂಚು ಪೂರ್ತಿ. ಯಾರೋ ಎಲೆಯ ಸುತ್ತ ಬೆಂಕಿಕಡ್ಡಿ ಹಿಡಿದ ಹಾಗೆ ಕಂದು ಬಣ್ಣಕ್ಕೆ ಸುಟ್ಟಿತು. ನಾನು ಪೊಟ್ಯಾಷ್ ಕೊರತೆ ಅಂದುಕೊಂಡು ಪೊಟ್ಯಾಷ್ ಹಾಕಿದೆ. ನೀರು ಸಾಲದೇನೋ ಅಂದುಕೊಂಡು ನೀರು ಹೆಚ್ಚಿಸಿದೆ. ತಮಾಷೆ ನೋಡಿ, ನೀರು ಹೆಚ್ಚಿಸಿದ್ದೇ ಸ್ವಲ್ಪ ಉಪಕಾರ ಮಾಡಿತು, ಬೋರಾನ್ ಕೆಳಗೆ ತೊಳೆದುಹೋಗಿ. ಮಣ್ಣು ಪರೀಕ್ಷೆ ವರದಿ ಬರುವ ಹೊತ್ತಿಗೆ ಕಾಯಿ ಕಚ್ಚುವ ಕಾಲ ಮುಗಿದಿತ್ತು.

ಮುಂದಿನ ವರ್ಷ ಅದೇ ಜಾಗದಲ್ಲಿ ಹತ್ತಿ ಹಾಕಿದೆ. ಏನೂ ಆಗಲಿಲ್ಲ, ಚೆನ್ನಾಗಿಯೇ ಬಂತು.

ಜರಡಿ

ಹತ್ತಿ ಬೋರಾನನ್ನು ತಡೆದುಕೊಳ್ಳುತ್ತದೆ. ಕುದುರೆಮಸಾಲೆ ಸೊಪ್ಪೂ ತಡೆದುಕೊಳ್ಳುತ್ತದೆ. ಬೀನ್ಸ್, ನಿಂಬೆ ಜಾತಿ, ದ್ರಾಕ್ಷಿ ತಡೆಯುವುದಿಲ್ಲ. ಬೋರಾನ್‌ನ ಸ್ವಭಾವವೇ ಹಾಗೆ, ಕೊರತೆಗೂ ವಿಷಕ್ಕೂ ನಡುವೆ ಅಂತರ ತೀರಾ ಕಡಿಮೆ. ಲೆಕ್ಕ ಹಾಕಿ: ಒಂದು ಕಿಲೋ ಬೂದಿಯಲ್ಲಿ 50 ಮಿಲಿಗ್ರಾಂ ಬೋರಾನ್ ಇದ್ದರೆ, 91 ಟನ್ನಿನಲ್ಲಿ ನಾಲ್ಕೂವರೆ ಕಿಲೋ. ಕೊರತೆ ಇರುವ ನೆಲಕ್ಕೆ ಎಕರೆಗೆ ಅರ್ಧ ಕಿಲೋ ಆಸುಪಾಸು ಕೊಟ್ಟರೆ ಮುಗಿಯಿತು. ನಾಲ್ಕೂವರೆ ಕಿಲೋದಲ್ಲಿ ಎಲ್ಲವೂ ಒಮ್ಮೆಲೇ ಬಿಡುವುದಿಲ್ಲ, ಆದರೆ ಬೂದಿಯ ಬೋರಾನ್ ನೀರಿಗೆ ಬೇಗ ಬಿಡುವ ಜಾತಿ. ಪ್ಯಾಕೆಟ್ಟಿಗೂ ಬೂದಿಗೂ ವ್ಯತ್ಯಾಸ ಇಲ್ಲೇ ಇರೋದು. ಪ್ಯಾಕೆಟ್ಟನ್ನು ಗ್ರಾಂ ಲೆಕ್ಕದಲ್ಲಿ ಹಾಕ್ತೀರಿ, ಬೂದಿಯನ್ನು ಲಾರಿ ಲೆಕ್ಕದಲ್ಲಿ.

ಬಾವಿಕಟ್ಟೆ

ಇಷ್ಟು ಹೊತ್ತು ಗಿಡದ ಮಾತೇ ಆಯಿತು. ನನಗೆ ನೀರಿನ ಚಿಂತೆ.

ಬೂದಿ ಬೇಕಾಗಿರುವುದು ಮರಳು ನೆಲಕ್ಕೆ. ಹಾಕಿದ್ದನ್ನು ಕೆಳಗೆ ಬಿಟ್ಟುಕೊಡುವುದೂ ಅದೇ ಮರಳು ನೆಲ. ಜೇಡಿ ನೆಲದಲ್ಲಿ ಬೂದಿಯೊಳಗಿನ ಆರ್ಸೆನಿಕ್ ಅನ್ನುವ ವಿಷ ಬಿದ್ದರೆ ಒಂದಿಷ್ಟನ್ನಾದರೂ ಜೇಡಿ ಹಿಡಿದುಕೊಳ್ಳುತ್ತದೆ. ಮರಳಿನಲ್ಲಿ ಹಿಡಿಯೋರು ಯಾರು? ಅಂತರ್ಜಲ ಹತ್ತು, ಹದಿನೈದು ಅಡಿಯಲ್ಲಿ ಇದ್ದರೆ? ಒಂದು ಕಿಲೋ ಬೂದಿಗೆ 20 ಮಿಲಿಗ್ರಾಂ ಆರ್ಸೆನಿಕ್ ಅಂದರೂ, ಲೆಕ್ಕದ ಪುಸ್ತಕದವರ 91 ಟನ್ನಿನಲ್ಲಿ 1.8 ಕಿಲೋ ಆಯಿತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರಸಸಾರ (ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ) ಏರಿದರೆ ಭಾರಲೋಹ ಎಲ್ಲಾ ಮಣ್ಣಿಗೆ ಕಟ್ಟಿಕೊಳ್ಳುತ್ತೆ, ಹೆದರಬೇಡಿ ಅಂತಾರೆ. ಸೀಸ, ಕ್ಯಾಡ್ಮಿಯಮ್, ಸತುವಿಗೆ ಅದು ಸರಿ. ಆರ್ಸೆನಿಕ್, ಸೆಲೆನಿಯಮ್, ಮಾಲಿಬ್ಡಿನಮ್, ಆರು ವೇಲೆನ್ಸಿಯ (ವಿಷ ಜಾಸ್ತಿ ಇರುವ ರೂಪದ) ಕ್ರೋಮಿಯಮ್‌ಗೆ ಉಲ್ಟಾ. ಕ್ಷಾರ ಜಾಸ್ತಿ ಆದಷ್ಟೂ ಅವು ಸಡಿಲವಾಗಿ ನೀರಿನ ಜೊತೆ ಓಡಾಡುತ್ತವೆ. ಹಾರುಬೂದಿಯ ರಸಸಾರ ಕಲ್ಲಿದ್ದಲಿನ ಮೇಲೆ ಹೋಗುತ್ತದೆ. ನಾಲ್ಕೂವರೆಯ ಹುಳಿಯಿಂದ ಹನ್ನೆರಡರ ಕ್ಷಾರದವರೆಗೂ ಸಿಗುತ್ತದೆ. ಒಬ್ಬರಿಗೆ ಒಳ್ಳೆಯದಾಯಿತು ಅಂದರೆ ಅದು ಅವರ ಬೂದಿಯ ಮಾತು, ನಿಮ್ಮದರದ್ದಲ್ಲ.

ಹಟ್ಟಿಯವಳು

ಮಾಲಿಬ್ಡಿನಮ್ ಅಂದಿದ್ದಕ್ಕೆ ಒಂದು ಸೇರಿಸ್ತೀನಿ. ದನ ಸಾಕುವವರು ಇದನ್ನು ಓದಲೇಬೇಕು. ಕ್ಷಾರ ಮಣ್ಣಿನಲ್ಲಿ ಮೇವಿನ ಹುಲ್ಲು, ಅದರಲ್ಲೂ ದ್ವಿದಳ ಮೇವು, ಮಾಲಿಬ್ಡಿನಮ್ಮನ್ನು ಧಾರಾಳವಾಗಿ ಎಳೆದುಕೊಳ್ಳುತ್ತದೆ. ಹುಲ್ಲಿಗೆ ಏನೂ ಆಗುವುದಿಲ್ಲ, ಹಸಿರಾಗಿ ನಗ್ತಾ ಇರುತ್ತೆ. ಅದನ್ನು ತಿಂದ ಹಸುವಿನ ಮೈಯಲ್ಲಿ ತಾಮ್ರ ಕೆಲಸಕ್ಕೆ ಬಾರದ ಹಾಗಾಗುತ್ತದೆ. ಬೇಧಿ, ಕೂದಲಿನ ಬಣ್ಣ ಮಾಸೋದು, ಹಾಲು ಇಳಿಯೋದು. ಮೇವಿನಲ್ಲಿ ಮಾಲಿಬ್ಡಿನಮ್ಮಿಗಿಂತ ತಾಮ್ರ ಎರಡು ಪಟ್ಟಾದರೂ ಇರಬೇಕು, ಅದಕ್ಕಿಂತ ಇಳಿದರೆ ತೊಂದರೆ ಶುರು. ಹೊಲ ನೋಡಿದರೆ ಗೊತ್ತಾಗಲ್ಲ, ಕೊಟ್ಟಿಗೆ ನೋಡಿದರೆ ಗೊತ್ತಾಗುತ್ತೆ.

ಹಳೇ ನೇಗಿಲು

ಇಷ್ಟೆಲ್ಲ ಇದೆಯಾ! ನಾನು ಮೊದಲು ಹೇಳಿದ್ದನ್ನು ವಾಪಸ್ ತಗೋತೀನಿ. ಕೊಟ್ಟಿಗೆ ಗೊಬ್ಬರವೇ ಸಾಕಲ್ವಾ ಹಾಗಾದ್ರೆ?

ತೇವ

ಮೊದಲ ಆಯ್ಕೆ ಅದೇ. ಆದರೆ ಸುಲಭ ಅಂತ ಹೇಳಲಾರೆ. ಬಿಸಿ ಹವೆಯ ಮರಳು ನೆಲದಲ್ಲಿ ಗಾಳಿ, ಕಾವು ಎರಡೂ ಜಾಸ್ತಿ. ಹಾಕಿದ ಗೊಬ್ಬರ ಬೇಗ ಕರಗಿ ಗಾಳಿ ಪಾಲಾಗುತ್ತದೆ. ವರ್ಷ ವರ್ಷ ಹಾಕುತ್ತಲೇ ಇರಬೇಕು. ಬೂದಿ ಹಾಗಲ್ಲ. ಒಮ್ಮೆ ಬೆರೆಸಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಜನ ಇದನ್ನು ಬೂದಿಯ ದೊಡ್ಡ ಗುಣ ಅಂತ ಹೇಳ್ತಾರೆ. ನನಗೆ ಭಯ ಆಗೋದು ಅದಕ್ಕೇ. ಗೊಬ್ಬರ ತಪ್ಪಾದರೆ ಎರಡು ವರ್ಷದಲ್ಲಿ ಹೋಗುತ್ತೆ. ಬೂದಿ ತಪ್ಪಾದರೆ ಮರಳಿನಿಂದ ಅದನ್ನು ಹೆಕ್ಕಿ ತೆಗೆಯೋಕೆ ಆಗುತ್ತಾ?

ಒಳ್ಳೆ ಜೇಡಿಮಣ್ಣು ಹತ್ತಿರದಲ್ಲಿ ಸಿಗುವುದಾದರೆ ನಾನು ಅದನ್ನೇ ಹೊಡೆಸುವೆ. ಜೇಡಿ ನೀರನ್ನೂ ಹಿಡಿಯುತ್ತೆ, ಪೊಟ್ಯಾಷ್, ಅಮೋನಿಯಾದಂಥವನ್ನೂ ಹಿಡಿಯುತ್ತೆ. ಅದೂ ಸಿಗದು, ಬೂದಿಯೇ ಗತಿ ಅಂದರೆ ಗೊಬ್ಬರದ ಜೊತೆ ಬೆರೆಸಿ ಹಾಕಿ. ಬರೀ ಬೂದಿ ಜಾಸ್ತಿಯಾದರೆ ಮಣ್ಣಿನ ಸೂಕ್ಷ್ಮಜೀವಿಗಳು ಮಂಕಾಗುತ್ತವೆ. ಅದರಲ್ಲಿ ಅವಕ್ಕೆ ತಿನ್ನೋಕೆ ಏನೂ ಇಲ್ಲವಲ್ಲ.

ಬದುವಿನಾಚೆ

ಕೆಲಸದ ಎರಡು ಮಾತು, ನನ್ನ ತಪ್ಪಿನಿಂದ ಕಲಿತದ್ದು. ಒಣ ಬೂದಿಯನ್ನು ಗಾಳಿಯಲ್ಲಿ ಸುರಿಸಲೇಬೇಡಿ. ನುಣ್ಣನೆಯ ಸಿಲಿಕಾ ಧೂಳು ಶ್ವಾಸಕೋಶದ ಒಳಗೆ ಇಳಿದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ ತರಿಸಿ, ಒಳ್ಳೆ ಮಾಸ್ಕ್ ಹಾಕಿ, ಟವೆಲ್ ಸುತ್ತಿಕೊಂಡರೆ ಸಾಲದು. ಇನ್ನೊಂದು, ಹರಡಿ ಹಾಗೇ ಬಿಡಬೇಡಿ. ಮಳೆ ಬಿದ್ದರೆ ಮೇಲೆ ಹಪ್ಪಳದ ಹಾಗೆ ಪದರ ಕಟ್ಟುತ್ತದೆ, ಮೊಳಕೆ ಅದನ್ನು ಒಡೆದು ಬರಲಾರದು. ಸುಣ್ಣದ ಅಂಶ ಜಾಸ್ತಿ ಇರುವ ಬೂದಿ, ಲಿಗ್ನೈಟ್ (ಕಂದು ಕಲ್ಲಿದ್ದಲು) ಸುಟ್ಟದ್ದು ಸಾಮಾನ್ಯವಾಗಿ ಹಾಗಿರುತ್ತೆ, ನೀರು ಸೇರಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅಂದಿನದು ಅಂದೇ ಬೆರೆಸಿ ಮುಗಿಸಿ.

ನೇರಮಾತು

ಸರಿ, ಒಪ್ಪಿದೆ. ಆದರೆ ಯಾವ ಪರೀಕ್ಷೆ ಮಾಡಿಸಬೇಕು ಅಂತ ಒಬ್ಬರೂ ನೆಟ್ಟಗೆ ಹೇಳಲಿಲ್ಲ.

ಜರಡಿ

ನ್ಯಾಯವಾದ ಮಾತು. ಬೂದಿಗೆ: ರಸಸಾರ, ಲವಣಾಂಶ, ಬಿಸಿನೀರಿಗೆ ಬಿಡುವ ಬೋರಾನ್, ಆರ್ಸೆನಿಕ್, ಸೆಲೆನಿಯಮ್, ಮಾಲಿಬ್ಡಿನಮ್, ಕ್ರೋಮಿಯಮ್. ಮಣ್ಣಿಗೂ ಮೊದಲು ಒಮ್ಮೆ ಇದೇ ಪರೀಕ್ಷೆ. ಬಾವಿ ನೀರಿಗೂ ಒಮ್ಮೆ. ಇಲ್ಲದಿದ್ದರೆ ಆಮೇಲೆ ಏರಿತಾ ಇಲ್ವಾ ಅಂತ ಹೇಳೋಕೆ ಆಧಾರವೇ ಇರಲ್ಲ. ಲಾರಿ ಬದಲಾದರೆ ಬೂದಿಯೂ ಬದಲಾಗಬಹುದು, ಸ್ಥಾವರ ಬೇರೆ ಕಲ್ಲಿದ್ದಲು ತರಿಸಿರುತ್ತೆ.

ಅದಕ್ಕೂ ಮುಂಚೆ ಕುಂಡದಲ್ಲಿ ನೋಡಿ. ಬೀನ್ಸ್ ಬಿತ್ತಿ. ಬೇಗ ಸುಟ್ಟುಕೊಳ್ಳುವ ಗಿಡವೇ ಒಳ್ಳೆಯ ಸಾಕ್ಷಿ.

ಮರಳುಹೊಲ

ಐದು ವಾರ ಆದ ಮೇಲೆ ಬರೀತಿದ್ದೀನಿ. ಲಾರಿ ತರಿಸಲಿಲ್ಲ. ಎರಡು ಚೀಲ ಬೂದಿ ಮಾತ್ರ ತಂದೆ, ಹೊಸದು. ಎಂಟು ಕುಂಡ ಮಾಡಿದೆ. ಎರಡರಲ್ಲಿ ಬರೀ ಮರಳು. ಎರಡರಲ್ಲಿ ನೂರಕ್ಕೆ ಐದು ಬೂದಿ, ಎರಡರಲ್ಲಿ ಹತ್ತು. ಕೊನೆಯ ಎರಡಕ್ಕೂ ಹತ್ತೇ, ಆದರೆ ಆ ಬೂದಿಯನ್ನು ಮೊದಲು ಡ್ರಮ್ಮಿನಲ್ಲಿ ನೀರು ಹಾಕಿ ಕಲಕಿ, ತಿಳಿ ಬಸಿದು, ಹೀಗೆ ನಾಲ್ಕು ಸಲ ತೊಳೆದೆ. ಎಲ್ಲಕ್ಕೂ ಬೀನ್ಸ್. ದಿನಾ ಬೆಳಗ್ಗೆ ಕುಂಡ ತೂಗಿ ಬರೆದಿಟ್ಟೆ. ಮನೆಯವರು ನಕ್ಕಿದ್ದೇ ನಕ್ಕಿದ್ದು.

ಮೊದಲು ನೀರಿನ ವಿಷಯ. ನೀರು ನಿಲ್ಲಿಸಿ ನೋಡಿದಾಗ ಬರೀ ಮರಳಿನ ಗಿಡ ಮೂರನೇ ದಿನ ಬಾಡಿತು. ಹತ್ತರ ಕುಂಡದ್ದು ನಾಲ್ಕನೇ ದಿನ ಸಂಜೆ. ತೇವ ಅವರು ಹೇಳಿದ ಹಾಗೆ ಒಂದು ದಿನ, ಮೇಲೆ ಒಂದಿಷ್ಟು ಗಂಟೆ. ಐದರ ಕುಂಡಕ್ಕೂ ಬರೀ ಮರಳಿಗೂ ವ್ಯತ್ಯಾಸ ನನ್ನ ತಕ್ಕಡಿಗೆ ಸರಿಯಾಗಿ ಸಿಗಲಿಲ್ಲ.

ಎಲೆ ವಿಷಯ. ತೊಳೆಯದ ಹತ್ತರ ಎರಡೂ ಕುಂಡದಲ್ಲಿ ಇಪ್ಪತ್ತನೇ ದಿನದ ಹೊತ್ತಿಗೆ ಕೆಳಗಿನ ಎಲೆ ಅಂಚು ಸುಟ್ಟಿತು. ಬದುವಿನಾಚೆ ಅಣ್ಣ ಬರೆದ ಹಾಗೇ, ಬೆಂಕಿಕಡ್ಡಿ ಹಿಡಿದಂತೆ. ಐದರಲ್ಲಿ ತುದಿ ಮಾತ್ರ ಹಳದಿ. ತೊಳೆದ ಬೂದಿಯದ್ದು ಚೆನ್ನಾಗಿದೆ, ಈಗ ಹೂವೂ ಬಂದಿದೆ. ನಿಜ ಹೇಳ್ತೀನಿ, ಎಂಟರಲ್ಲಿ ಚೆಂದದ ಗಿಡ ಅವೇ ಎರಡು. ಹಾಗಾಗಿ ಮನಸ್ಸು ಈಗ ಹೊಂಡದ ಹಳೆ ಬೂದಿಯ ಕಡೆ ವಾಲಿದೆ. ಮಳೆ ಅದನ್ನು ತೊಳೆದುಬಿಟ್ಟಿರುತ್ತೆ ಅಲ್ವಾ? ಮೊದಲು ಐದು ಗುಂಟೆಗೆ ಹಾಕಿ ನೋಡೋಣ ಅಂತ. ಪರೀಕ್ಷೆಗೆ ಸ್ಯಾಂಪಲ್ ಕಳಿಸಿದ್ದೀನಿ.

ಬದುವಿನಾಚೆ

ಸಖತ್ತಾಗಿ ಮಾಡಿದ್ದೀರಿ. ನಾನೂ ಮೊದಲೇ ಎಂಟು ಕುಂಡ ಇಟ್ಟಿದ್ದರೆ!

ಬಾವಿಕಟ್ಟೆ

ಮರಳುಹೊಲ ಅವರೇ, ಒಂದು ಪ್ರಶ್ನೆ. ನಾಲ್ಕು ಸಲ ತೊಳೆದ ಆ ನೀರನ್ನು ಎಲ್ಲಿ ಚೆಲ್ಲಿದಿರಿ?

ಮರಳುಹೊಲ

ಹಿತ್ತಲಲ್ಲಿ. ಬಾವಿಯಿಂದ ಇಪ್ಪತ್ತು ಹೆಜ್ಜೆ ಇರಬಹುದು. ನೀವು ಕೇಳುವವರೆಗೂ ತಲೆಗೇ ಹೋಗಿರಲಿಲ್ಲ. ನಾಳೆ ಬಾವಿ ನೀರನ್ನೂ ಒಂದು ಬಾಟಲಿಯಲ್ಲಿ ಹಿಡಿದು ಕಳಿಸ್ತೀನಿ.